ಕಟ್ಟುವ ಖರ್ಚಿನ ಅರ್ಧಕ್ಕೇ ಸಿಗುವ ಸ್ಮೆಲ್ಟರ್: ಅಗ್ಗವೋ ಅಲ್ಲವೋ ಲೆಕ್ಕ ಹಾಕುವ ಬಗೆ

ಹೊಸ ಅಲ್ಯೂಮಿನಿಯಂ ಸ್ಮೆಲ್ಟರ್ (ಲೋಹ ತೆಗೆಯುವ ಕಾರ್ಖಾನೆ) ಕಟ್ಟಲು ವರ್ಷಕ್ಕೆ ಒಂದು ಟನ್ ಸಾಮರ್ಥ್ಯಕ್ಕೆ 4,000 ಡಾಲರ್ ಬೇಕು, ಷೇರುಪೇಟೆಯಲ್ಲಿ ಅದೇ ಸಾಮರ್ಥ್ಯ 1,800ಕ್ಕೆ ಸಿಗುತ್ತಿದೆ, ಹಾಗಾಗಿ ಕೊಳ್ಳಿ ಎಂಬ ವಾದ ಆಗಾಗ ಕೇಳಿಬರುತ್ತದೆ. ಎರಡೂ ಅಂಕಿ ಸರಿಯಿದ್ದರೂ ತೀರ್ಮಾನ ತಪ್ಪಿರಬಹುದು. ಕಟ್ಟುವ ಖರ್ಚಿನಿಂದ ತಿಳಿಯುವುದು ಇಷ್ಟೇ: ಸ್ಮೆಲ್ಟರ್‌ನ ಬೆಲೆ ಬಹಳ ಕಾಲ ಅದನ್ನು ಮೀರಿ ನಿಂತರೆ ಯಾರಾದರೂ ಹೊಸದೊಂದನ್ನು ಕಟ್ಟುತ್ತಾರೆ. ಬೆಲೆ ಎಷ್ಟು ಕೆಳಗಿಳಿಯಬಹುದು ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಮೊದಲು ಎರಡೂ ಅಂಕಿಗಳನ್ನು ಸರಿಪಡಿಸಿಕೊಳ್ಳಿ

ಷೇರುಗಳ ಒಟ್ಟು ಮಾರುಕಟ್ಟೆ ಮೌಲ್ಯಕ್ಕೆ ನಿವ್ವಳ ಸಾಲ ಕೂಡಿಸಿ. ನೌಕರರ ಪಿಂಚಣಿ ಬಾಕಿಯನ್ನೂ, ಕಾರ್ಖಾನೆ ಮುಚ್ಚುವಾಗ ಜಾಗ ಶುದ್ಧ ಮಾಡಿಕೊಡುವ ಹೊಣೆಯನ್ನೂ ಸಾಲವೆಂದೇ ಎಣಿಸಿ; ಹೆಚ್ಚಿನವರು ಬಿಟ್ಟುಬಿಡುವುದು ಇವೆರಡನ್ನೇ. ಗಣಿ, ಅದಿರಿನಿಂದ ಅಲ್ಯೂಮಿನಾ ಎಂಬ ಪುಡಿ ತೆಗೆಯುವ ರಿಫೈನರಿ ಜೊತೆಗಿದ್ದರೆ ಅವುಗಳ ಮೌಲ್ಯ ಕಳೆಯಿರಿ. ಉಳಿದದ್ದನ್ನು ಸದ್ಯ ವಿದ್ಯುತ್ ಹರಿಯುತ್ತಿರುವ ಪಾಟ್‌ಗಳ (ಅಲ್ಯೂಮಿನಾದಿಂದ ಲೋಹ ತೆಗೆಯುವ ತೊಟ್ಟಿಗಳ) ಸಾಮರ್ಥ್ಯದಿಂದ ಭಾಗಿಸಿ. ವಾರ್ಷಿಕ ವರದಿಯಲ್ಲಿ ಎದ್ದುಕಾಣುವ ಸಾಮರ್ಥ್ಯದಲ್ಲಿ ವರ್ಷಗಳಿಂದ ನಿಂತ ಲೈನ್‌ಗಳೂ, ಅಂದರೆ ಪಾಟ್‌ಗಳ ಸಾಲುಗಳೂ, ಸೇರಿರುತ್ತವೆ.

ಕಟ್ಟುವ ಖರ್ಚಿನ ವಿಷಯದಲ್ಲಿ ಕೇಳಬೇಕಾದ್ದು, ಯಾರು, ಎಲ್ಲಿ ಕಟ್ಟಿದರೆ ಎಂದು. ಚೀನಾದಲ್ಲಿ ಟನ್ನಿಗೆ ಬೀಳುವ ಖರ್ಚು ಪಾಶ್ಚಾತ್ಯ ದೇಶಗಳದ್ದಕ್ಕಿಂತ ಬಹಳ ಕಡಿಮೆ, ಲೋಹ ಮಾತ್ರ ಒಂದೇ ಮಾರುಕಟ್ಟೆಗೆ ಬರುತ್ತದೆ. ಜೊತೆಗೆ ಹಳೆಯ ಸ್ಮೆಲ್ಟರ್ ಹೊಸದಕ್ಕೆ ಸಮ ಅಲ್ಲ. ಹಳೆಯದು ಟನ್ನಿಗೆ 15,500 ಯೂನಿಟ್ ವಿದ್ಯುತ್ ತಿಂದು ಹೊಸದು 13,500ರಲ್ಲಿ ಮುಗಿಸಿದರೆ, ಯೂನಿಟ್‌ಗೆ 5 ಸೆಂಟ್‌ನಂತೆ ವರ್ಷಕ್ಕೆ 100 ಡಾಲರ್ ವ್ಯತ್ಯಾಸ. ಹಾಕಿದ ಹಣಕ್ಕೆ ವರ್ಷಕ್ಕೆ ಶೇ. 10ರ ಪ್ರತಿಫಲ ಬೇಕೆಂದು ಹಿಡಿದರೆ, 25 ವರ್ಷದ ಆ ಹಣದ ಇಂದಿನ ಮೌಲ್ಯ ಸುಮಾರು 908 ಡಾಲರ್. ಹಾಗಾಗಿ ಹೋಲಿಸಬೇಕಾದ್ದು 4,000ದ ಜೊತೆ ಅಲ್ಲ, ಸುಮಾರು 3,100ರ ಜೊತೆ.

ಟನ್ನಿಗೆ ಉಳಿಯುವುದೆಷ್ಟು?

ನಿಜವಾದ ಉತ್ತರ ಇರುವುದು ಇಲ್ಲಿ. ಲೆಕ್ಕಕ್ಕೆಂದು ಸರಳ ಅಂಕಿಗಳನ್ನು ಹಿಡಿಯೋಣ. ಲೋಹಕ್ಕೆ ಕೈಗೆ ಬರುವ ಬೆಲೆ ಟನ್ನಿಗೆ 2,500 ಡಾಲರ್. ಒಂದು ಟನ್ ಅಲ್ಯೂಮಿನಿಯಂಗೆ 1.93 ಟನ್ ಅಲ್ಯೂಮಿನಾ ಬೇಕು. 400 ಡಾಲರ್‌ನಂತೆ 772. ವಿದ್ಯುತ್ 14,000 ಯೂನಿಟ್. 5 ಸೆಂಟ್‌ನಂತೆ 700. ಕಾರ್ಬನ್ ಆನೋಡ್ ಮತ್ತು ಇತರ ಸಾಮಗ್ರಿ 330. ಸಂಬಳ, ರಿಪೇರಿ 350. ಪಾಟ್‌ಗಳ ಒಳಗಿನ ಲೈನಿಂಗ್ ಐದರಿಂದ ಏಳು ವರ್ಷಕ್ಕೆ ಸವೆಯುತ್ತದೆ. ಅದನ್ನು ಬದಲಿಸುವುದೂ ಸೇರಿ ಕಾರ್ಖಾನೆಯನ್ನು ಇದ್ದಂತೆಯೇ ಉಳಿಸಿಕೊಳ್ಳಲು 150. ಒಟ್ಟು 2,302, ಉಳಿಯುವುದು 198. ಅದೇ ಶೇ. 10, ಅದೇ 25 ವರ್ಷಕ್ಕೆ ಗುಣಕ 9.08 (ವರ್ಷಕ್ಕೊಂದು ಡಾಲರ್‌ನಂತೆ ಬರುವ ಹಣದ ಇಂದಿನ ಮೌಲ್ಯ), ಅಂದರೆ ಮೌಲ್ಯ ಸುಮಾರು 1,800. ತೆರಿಗೆ ಇನ್ನೂ ಕಳೆದಿಲ್ಲ.

ಪೇಟೆ ಕೊಡುತ್ತಿರುವ ಬೆಲೆಯೂ ಅದೇ. 4,000 ಸುರಿದು ಹೊಸದಾಗಿ ಕಟ್ಟಿದವನಿಗೆ ಆ ದರ ಗಿಟ್ಟಬೇಕಾದರೆ ಟನ್ನಿಗೆ 440 ಡಾಲರ್ ಉಳಿಯಬೇಕಿತ್ತು. ಉಳಿಯುತ್ತಿಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಯಾರೂ ಕಟ್ಟಲಾರರು.

ಈಗ ವಿದ್ಯುತ್ ದರವೊಂದನ್ನೇ ಬದಲಿಸಿ ನೋಡಿ. ಯೂನಿಟ್‌ಗೆ 6 ಸೆಂಟ್ ಆದರೆ ಉಳಿತಾಯ 58ಕ್ಕೆ, ಮೌಲ್ಯ ಸುಮಾರು 530ಕ್ಕೆ ಕುಸಿಯುತ್ತದೆ. 4 ಸೆಂಟ್ ಆದರೆ ಉಳಿತಾಯ 338, ಮೌಲ್ಯ 3,070. ಕಬ್ಬಿಣ, ಇಟ್ಟಿಗೆ, ಕ್ರೇನ್ ಎಲ್ಲ ಅವೇ. ಒಂದು ಸೆಂಟ್ ಅತ್ತಿತ್ತಾದರೆ ಮೌಲ್ಯ ಸುಮಾರು 1,270 ಡಾಲರ್ ಏರಿಳಿಯುತ್ತದೆ. ಸ್ಮೆಲ್ಟರ್ ಕೊಳ್ಳುವವರು ಬಹುಮಟ್ಟಿಗೆ ಕೊಳ್ಳುವುದು ವಿದ್ಯುತ್ ಒಪ್ಪಂದವನ್ನು. 2000–01ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ವಿದ್ಯುತ್ ದರ ಗಗನಕ್ಕೇರಿದಾಗ ವಾಯವ್ಯ ಭಾಗದ ಸ್ಮೆಲ್ಟರ್‌ಗಳು ಪಾಟ್‌ಗಳನ್ನು ನಿಲ್ಲಿಸಿ, ತಮಗೆ ಅಗ್ಗಕ್ಕೆ ಸಿಗುತ್ತಿದ್ದ ವಿದ್ಯುತ್ತನ್ನೇ ಮಾರಿಕೊಂಡವು.

ನಷ್ಟದಲ್ಲಿದ್ದರೂ ಯಾಕೆ ಮುಚ್ಚುವುದಿಲ್ಲ?

ಉಳಿತಾಯ ವರ್ಷಾನುಗಟ್ಟಲೆ ತೆಳ್ಳಗೇ ಇರುವುದಕ್ಕೆ ಕಾರಣ ಪಾಟ್‌ನೊಳಗಿದೆ. ಅಲ್ಯೂಮಿನಾವನ್ನು ತನ್ನಲ್ಲಿ ಕರಗಿಸಿಕೊಳ್ಳುವ ಕ್ರಯೋಲೈಟ್ ಎಂಬ ಕರಗಿದ ಲವಣ ಸುಮಾರು 960 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ವಿದ್ಯುತ್ ನಾಲ್ಕೈದು ಗಂಟೆ ಹೋದರೆ ಅದು ಹೆಪ್ಪುಗಟ್ಟುತ್ತದೆ, ತಣ್ಣಗಾದ ಲೈನಿಂಗ್ ಬಿರುಕು ಬಿಡುತ್ತದೆ. ಕ್ರಮಬದ್ಧವಾಗಿ ಲೋಹ ಬಸಿದು ನಿಲ್ಲಿಸಿದರೂ ಮತ್ತೆ ಶುರು ಮಾಡುವಾಗ ಹಲವು ಪಾಟ್‌ಗಳಿಗೆ ಹೊಸ ಲೈನಿಂಗ್ ಬೇಕು; ಒಂದೊಂದೇ ಪಾಟ್ ಹಚ್ಚುತ್ತ ಹೋದರೆ ಪೂರ್ತಿ ಲೈನ್‌ಗೆ ತಿಂಗಳುಗಳೇ ಹಿಡಿಯುತ್ತವೆ. ತೆಗೆದ ಲೈನಿಂಗ್‌ನಲ್ಲಿ ಸಯನೈಡ್, ಫ್ಲೋರೈಡ್ ಇರುವುದರಿಂದ ಅದು ಅಪಾಯಕಾರಿ ತ್ಯಾಜ್ಯ, ಅದರ ವಿಲೇವಾರಿಗೂ ದುಡ್ಡು. ಮುಚ್ಚುವ ಖರ್ಚು ಎರಡು ವರ್ಷದ ನಷ್ಟಕ್ಕಿಂತ ಹೆಚ್ಚಾದರೆ ಮಾಲೀಕ ನಷ್ಟದಲ್ಲೇ ಓಡಿಸುತ್ತಾನೆ. ಎಲ್ಲರೂ ಹೀಗೇ ಮಾಡುವುದರಿಂದ ಲೋಹ ಹೆಚ್ಚಾಗಿ, ಬೆಲೆ ಮೇಲೇಳುವುದಿಲ್ಲ. ಉದ್ಯೋಗ ಉಳಿಸಲು ಸರ್ಕಾರದ ನೆರವು ಬಂದರಂತೂ ಇನ್ನೂ ತಡ.

ತಾಮ್ರದ ಸ್ಮೆಲ್ಟರ್‌ಗೆ ಬೇರೆ ಲೆಕ್ಕ

ತಾಮ್ರದ ಬೆಲೆ ಏರಿತೆಂದು ತಾಮ್ರದ ಸ್ಮೆಲ್ಟರ್ ಕೊಳ್ಳುವುದು ಮಾಮೂಲಿ ತಪ್ಪು. ಬೇರೆಯವರ ಕಾನ್ಸಂಟ್ರೇಟ್ (ತಾಮ್ರದ ಅಂಶ ಹೆಚ್ಚಿಸಿದ ಅದಿರಿನ ಪುಡಿ) ಕರಗಿಸುವ ಸ್ಮೆಲ್ಟರ್‌ಗೆ ಸಿಗುವುದು ಮುಖ್ಯವಾಗಿ ಸಂಸ್ಕರಣೆಯ ಕೂಲಿ. ಆ ಕೂಲಿಗೆ 2024ರ ವಾರ್ಷಿಕ ಮಾನದಂಡ ಟನ್ ಕಾನ್ಸಂಟ್ರೇಟ್‌ಗೆ 80 ಡಾಲರ್, ಶುದ್ಧೀಕರಣಕ್ಕೆ ಪೌಂಡ್‌ಗೆ 8 ಸೆಂಟ್. ಒಂದು ಟನ್ ತಾಮ್ರಕ್ಕೆ ಸುಮಾರು ನಾಲ್ಕು ಟನ್ ಕಾನ್ಸಂಟ್ರೇಟ್ ಎಂದುಕೊಂಡರೆ 320 ಕೂಡಿಸು 176, ಸುಮಾರು 496 ಡಾಲರ್. 2025ರಲ್ಲಿ ಮಾನದಂಡ 21.25 ಡಾಲರ್ ಮತ್ತು 2.125 ಸೆಂಟ್‌ಗೆ ಬಿತ್ತು, ಅಂದರೆ ಅದೇ ಲೆಕ್ಕದಲ್ಲಿ 132 ಡಾಲರ್. ಗಣಿಗಳು ಕೊಡುವುದಕ್ಕಿಂತ ಹೆಚ್ಚು ಕರಗಿಸುವ ಸಾಮರ್ಥ್ಯ ಕಟ್ಟಿದ್ದರ ಫಲ ಇದು. ಇದರ ಮೇಲೆ ಕರಗಿಸುವಾಗ ಜೊತೆಗೆ ಸಿಗುವ ಗಂಧಕಾಮ್ಲದ ಮಾರಾಟ, ಒಪ್ಪಂದದಲ್ಲಿ ಹಣ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಹೊರತೆಗೆದ ಲೋಹ ಇವನ್ನು ಕೂಡಿಸಿ. ಆಮ್ಲವನ್ನು ದೂರ ಸಾಗಿಸಲಾಗದ ಊರಲ್ಲಿ ಅದೇ ಹೊರೆ.

ಕೊಳ್ಳುವ ಮೊದಲು ನೋಡಬೇಕಾದ್ದು

ವಿದ್ಯುತ್ ಒಪ್ಪಂದ ಮುಗಿಯುವ ವರ್ಷವನ್ನೇ ಮೊದಲು ಹುಡುಕಿ. ದರ ಸ್ಥಿರವೋ, ಲೋಹದ ಬೆಲೆಯ ಜೊತೆ ಏರಿಳಿಯುತ್ತದೋ, ಮಾಲೀಕ ಬದಲಾದರೆ ಒಪ್ಪಂದ ಉಳಿಯುತ್ತದೋ ನೋಡಿ. ಆಮೇಲೆ ಪಾಟ್‌ಗಳ ಸರಾಸರಿ ವಯಸ್ಸು: ಎಲ್ಲ ಒಂದೇ ಹೊತ್ತಿಗೆ ಹಚ್ಚಿದ್ದಾದರೆ ಲೈನಿಂಗ್ ಖರ್ಚೂ ಒಂದೇ ಹೊತ್ತಿಗೆ ಬರುತ್ತದೆ. ಕಲ್ಲಿದ್ದಲು ವಿದ್ಯುತ್ತಾದರೆ ಕಾರ್ಬನ್ ತೆರಿಗೆಯನ್ನೂ ಲೆಕ್ಕಕ್ಕೆ ತನ್ನಿ.

ವಿದ್ಯುತ್ ಒಪ್ಪಂದದಿಂದಲೇ ಸ್ಮೆಲ್ಟರ್‌ನ ಹಣೆಬರಹ ಬದಲಾದ ಉದಾಹರಣೆಯೂ ಇದೆ. ನ್ಯೂಜಿಲೆಂಡ್‌ನ ಟಿವಾಯ್ ಪಾಯಿಂಟ್ ಸ್ಮೆಲ್ಟರ್ ಮುಚ್ಚುವುದಾಗಿ 2020ರ ಜುಲೈಯಲ್ಲಿ ಗಣಿ ಕಂಪನಿ ರಿಯೋ ಟಿಂಟೋ ಘೋಷಿಸಿತ್ತು. 2024ರಲ್ಲಿ 20 ವರ್ಷದ ವಿದ್ಯುತ್ ಒಪ್ಪಂದಗಳಾದ ಮೇಲೆ ಅದೇ ಸ್ಮೆಲ್ಟರ್‌ಗೆ 2044ರವರೆಗೆ ಆಯುಸ್ಸು ಬಂತು. ಚೀನಾ ತನ್ನ ಅಲ್ಯೂಮಿನಿಯಂ ಸಾಮರ್ಥ್ಯಕ್ಕೆ ಹಾಕಿಕೊಂಡ ಸುಮಾರು 4.5 ಕೋಟಿ ಟನ್ ಮಿತಿಯೂ ಉಳಿದವರ ಉಳಿತಾಯವನ್ನು ಹೆಚ್ಚಿಸಬಲ್ಲದು.

ಒಪ್ಪಂದ ಮೂರ್ನಾಲ್ಕು ವರ್ಷದಲ್ಲಿ ಮುಗಿದು, ಮುಂದಿನದರ ಸುಳಿವೇ ಇಲ್ಲದಿದ್ದರೆ 25 ವರ್ಷದ ಗುಣಕವನ್ನು ಕೈಬಿಡಿ. ಉಳಿದ ವರ್ಷಗಳ ಉಳಿತಾಯಕ್ಕೆ ದಾಸ್ತಾನಿನ ಬೆಲೆ ಕೂಡಿಸಿ, ಮುಚ್ಚುವ ಮತ್ತು ಜಾಗ ಶುದ್ಧ ಮಾಡುವ ಖರ್ಚು ಕಳೆಯಿರಿ. ಬಂದ ಮೊತ್ತ ಸೊನ್ನೆಗಿಂತ ಕೆಳಗಿದ್ದರೆ, ಪುಕ್ಕಟೆ ಕೊಟ್ಟರೂ ಆ ಸ್ಮೆಲ್ಟರ್ ದುಬಾರಿಯೇ.