ಅರ್ಥಗಾರಿಕೆಗೆ ಅಕ್ಷರ ಕೂಡಿಸಿದ್ದು

ವೇಷ, ಕುಣಿತ ಇಲ್ಲದೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುವ ಯಕ್ಷಗಾನ ತಾಳಮದ್ದಳೆ. ಅದರ ವಿಡಿಯೊಗೆ ಕ್ಯಾಪ್ಶನ್ ಹಾಕಲಿಕ್ಕಾಗುವುದಿಲ್ಲ ಎಂದು ನನಗೆ ಹೇಳದವರು ಮುಂಬಯಿಯಲ್ಲಿ ಯಾರೂ ಉಳಿದಿರಲಿಲ್ಲ. "ಮುಂದಿನ ಮಾತು ಏನೆಂದು ಅರ್ಥಧಾರಿಗೇ ಗೊತ್ತಿರುವುದಿಲ್ಲ, ನೀವೇನು ಬರೀತೀರಿ?" ಎಂದರು ತಾಳಮದ್ದಳೆ ಕೂಟ ನಡೆಸುವ ನಮ್ಮ ಸಂಘದ ಕೋಶಾಧಿಕಾರಿ. ನನ್ನ ಹಾಗೆ ಮದುವೆ, ಉಪನಯನ ಶೂಟ್ ಮಾಡಿಕೊಂಡಿರುವ ಗೆಳೆಯರು "ಇನ್ನೊಂದು ವರ್ಷ ತಡಿ, ಎಐ ತಾನೇ ಹಾಕ್ತದೆ" ಎಂದರು. ಅವರು ಇನ್ನೂ ತಡೆಯುತ್ತಲೇ ಇದ್ದಾರೆ. ಡೊಂಬಿವಲಿಯ ನನ್ನ ಮನೆಯಿಂದ ಈವರೆಗೆ ನಲವತ್ತು ಗಂಟೆಗೂ ಮಿಕ್ಕಿದ ವಿಡಿಯೊ ಕ್ಯಾಪ್ಶನ್ ಸಮೇತ ಹೊರಗೆ ಹೋಗಿದೆ.

ಯಕ್ಷಗಾನದ ಆಟ ಬಿಟ್ಟು ತಾಳಮದ್ದಳೆಯನ್ನೇ ಯಾಕೆ ಹಿಡಿದೆ ಎಂದು ಕೇಳುತ್ತಾರೆ. ಆಟದಲ್ಲಿ ವೇಷ ಇದೆ, ಕುಣಿತ ಇದೆ, ಕಿವಿ ಕೇಳದವರಿಗೂ ಅರ್ಧ ಕಥೆ ಸಿಗುತ್ತದೆ. ತಾಳಮದ್ದಳೆಯಲ್ಲಿ ಕಣ್ಣು ಕಾಣದವರಿಗೆ ಏನೂ ನಷ್ಟವಿಲ್ಲ. ಕಿವಿ ಮಂದವಾದವರಿಗೆ ಮಾತ್ರ ನಾಲ್ಕು ಜನ ಶಾಲು ಹೊದ್ದು ಕೂತು ತುಟಿ ಆಡಿಸುವುದಷ್ಟೇ ಉಳಿಯುತ್ತದೆ. ಊರಿಂದ ಬಂದು ಹೋಟೆಲು, ಮಿಲ್ಲು, ಬ್ಯಾಂಕು ಎಂದು ಇಲ್ಲೇ ನೆಲೆ ನಿಂತ ತಲೆಮಾರಿಗೆ ಈಗ ಎಪ್ಪತ್ತೈದು, ಎಂಬತ್ತು. ಹಿಯರಿಂಗ್ ಏಡ್ ಇದೆ, ಆದರೆ ಅದು ಮಾತಿನ ಜತೆ ಚೆಂಡೆಯನ್ನೂ ದೊಡ್ಡದು ಮಾಡುತ್ತದೆ. ಎಷ್ಟೋ ಜನ ಅದನ್ನು ತೆಗೆದಿಟ್ಟೇ ವಿಡಿಯೊ ನೋಡುತ್ತಾರೆ.

ಮೊದಲು ದುಡ್ಡು ಕೊಟ್ಟು ಮಾಡಿಸಿ ನೋಡಿದೆವು. ಒಂದು ಏಜೆನ್ಸಿ ನಿಮಿಷಕ್ಕೆ 150 ರೂಪಾಯಿ ಹೇಳಿತು. ಮೂರು ಗಂಟೆಯ ಕೂಟಕ್ಕೆ 27 ಸಾವಿರ! ಸ್ಯಾಂಪಲ್ ಎಂದು ಅರ್ಧ ಗಂಟೆ ಮಾಡಿಸಿದೆವು. ಕರ್ಣ ಶಲ್ಯರ ವಾದ ನಡೆಯುತ್ತಿದೆ, ಕೆಳಗೆ 'ಸಾರಥಿ' ಇರಬೇಕಾದಲ್ಲಿ 'ಸಾರ್ಥಕ', 'ಕುರುಕುಲ' ಇರಬೇಕಾದಲ್ಲಿ 'ಗುರುಕುಲ'. ನಾಲ್ಕೂವರೆ ಸಾವಿರ ಹೋಯಿತು, ಕೋಶಾಧಿಕಾರಿಗಳಿಗೆ ಬಾಯಿ ಬಂತು.

ಆಮೇಲೆ ಮಾತು ಕೇಳಿ ತಾನೇ ಬರೆಯುವ ಎಐ ತಂತ್ರಾಂಶ ವಿಸ್ಪರ್. 2022ರಲ್ಲಿ ಬಿಟ್ಟಾಗಿನಿಂದ ಎಲ್ಲರೂ ಅದರದೇ ಜಪ. ಇಂಗ್ಲಿಷ್ ಭಾಷಣಕ್ಕೆ ನಾನೂ ಬಳಸುತ್ತೇನೆ, ಒಳ್ಳೆಯದೇ. ಆದರೆ ತಾಳಮದ್ದಳೆಯಲ್ಲಿ ಶ್ರುತಿಪೆಟ್ಟಿಗೆ ಒಂದೇ ಸಮ ಮೊರೆಯುತ್ತಿರುತ್ತದೆ. ಅರ್ಥಧಾರಿ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಯಾರೂ ಆಡದ ಮಾತನ್ನು ಇದು ಬರೆಯುತ್ತದೆ, ಅದನ್ನೇ ಹತ್ತು ಸಾಲು ತಿರುಗಾ ಬರೆಯುತ್ತದೆ. ಶ್ರುತಿಯ ಸದ್ದನ್ನು ಫಿಲ್ಟರ್ ಹಾಕಿ ಇಳಿಸಿದೆ, ದೊಡ್ಡ ಮಾಡೆಲ್ ಹಾಕಿ ರಾತ್ರಿಯಿಡೀ ಓಡಿಸಿದೆ. ಕಂಪ್ಯೂಟರ್ ಬಿಸಿಯಾದದ್ದೇ ಬಂತು. ತಿದ್ದುವ ಹೊತ್ತಿನಲ್ಲಿ ಮೊದಲಿಂದ ಟೈಪ್ ಮಾಡಬಹುದಿತ್ತು.

ಹಾಗೆಂದು ಟೈಪ್ ಮಾಡಿಸಿದ್ದೂ ಆಯಿತು. ಸಂಘದ ಸ್ಮರಣ ಸಂಚಿಕೆ ಮಾಡುವ ಹುಡುಗರು ಹುರುಪಿನಿಂದ ಒಪ್ಪಿಕೊಂಡರು. ಒಬ್ಬ ನುಡಿ ತಂತ್ರಾಂಶದಲ್ಲಿ, ಇನ್ನೊಬ್ಬ ಶ್ರೀಲಿಪಿಯಲ್ಲಿ, ಇಬ್ಬರದೂ ಎಲ್ಲ ಕಡೆ ಓದಿಸಿಕೊಳ್ಳುವ ಯೂನಿಕೋಡ್ ಅಲ್ಲ. ಕ್ಯಾಪ್ಶನ್ ಇಡುವ ವಿಟಿಟಿ ಕಡತಕ್ಕೆ ಅಂಟಿಸಿದರೆ ತಲೆ ಮೇಲೆ ಟೊಪ್ಪಿ, ಮೀಸೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಎಲ್ಲೆಲ್ಲೋ ಹಾರಿತು. ಹತ್ತು ನಿಮಿಷದ ವಿಡಿಯೊಗೆ ಒಂದಿಡೀ ಭಾನುವಾರ ಹೋದ ಮೇಲೆ ಹುಡುಗರು ಫೋನ್ ಎತ್ತುವುದನ್ನು ಬಿಟ್ಟರು.

ಕೊನೆಗೆ ಗೆದ್ದದ್ದು ಕೇಳಿ ಹೇಳುವ ದಾರಿ. ಬಿಬಿಸಿಯವರು ನೇರಪ್ರಸಾರದ ಸಬ್‌ಟೈಟಲ್‌ಗೆ ಬಳಸಿಕೊಂಡು ಬಂದ ಉಪಾಯವೇ ಇದು: ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತ, ಅದೇ ಮಾತನ್ನು ಭಾವ, ಏರಿಳಿತ ಏನೂ ಇಲ್ಲದೆ ಮೈಕಿಗೆ ಹೇಳುವುದು, ಯಂತ್ರ ಆ ಒಂದು ದನಿಯನ್ನು ಮಾತ್ರ ಕೇಳಿ ಬರೆಯುವುದು. ನಾನು ಹಿಡಿದದ್ದು ಗೂಗಲ್ ಡಾಕ್ಸ್‌ನ ಕನ್ನಡ ವಾಯ್ಸ್ ಟೈಪಿಂಗ್. ಪುಕ್ಕಟೆ. ಹೇಳಲು ಸಿಕ್ಕಿದವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬರು ಟೀಚರ್. ಹಳಗನ್ನಡದ ಪದ ಬಂದರೆ ತಡವರಿಸುವುದಿಲ್ಲ, 'ಹ'ಕಾರ, ಮಹಾಪ್ರಾಣ ಖಡಕ್. ಮೊದಲ ದಿನ ಅರ್ಧ ಗಂಟೆಗೇ "ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ಕರ್ಣನಿಗೆ ಉಸಿರು ಬೇಡ, ನನಗೆ ಬೇಕಲ್ಲ" ಎಂದರು. ಅಂದಿನಿಂದ ವಿಡಿಯೊವನ್ನು ಮುಕ್ಕಾಲು ವೇಗಕ್ಕೆ ಇಳಿಸಿ, ಹದಿನೈದು ನಿಮಿಷಕ್ಕೊಮ್ಮೆ ಚಹಾ ಎಂದು ಕರಾರಾಯಿತು. 1,800 ರೂಪಾಯಿಯ ಹೆಡ್‌ಸೆಟ್, ಫ್ಯಾನ್ ಬಂದ್, ಲೋಕಲ್ ಹಳಿಯ ಕಡೆಗಿನ ಕಿಟಕಿ ಬಂದ್. ಏಪ್ರಿಲ್, ಮೇನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಪೂರ್ಣವಿರಾಮ, ಅಲ್ಪವಿರಾಮ ಯಾವುದೂ ಬರುವುದಿಲ್ಲ, ಅದನ್ನು ಆಮೇಲೆ ಕೈಯಲ್ಲೇ ಹಾಕಬೇಕು. ಪುರಾಣದ ಹೆಸರುಗಳನ್ನು ಯಂತ್ರ ಕೆಡಿಸುವುದಕ್ಕೂ ಒಂದು ಕ್ರಮ ಇದೆ. ಒಮ್ಮೆ ಕೆಡಿಸಿದಂತೆಯೇ ಮತ್ತೆ ಕೆಡಿಸುತ್ತದೆ. ಹಾಗಾಗಿ ತಪ್ಪು, ಸರಿ ಎರಡೂ ಇರುವ ಒಂದು ಬದಲಿ ಪಟ್ಟಿ ಮಾಡಿಟ್ಟಿದ್ದೇನೆ, ಒಂದೇ ಏಟಿಗೆ ತಿದ್ದಿ ಹೋಗುತ್ತದೆ. ಪಟ್ಟಿ ಕೇಳಬೇಡಿ, ಅದು ನನ್ನ ಅನ್ನ. ಭಾಗವತರು ಹಾಡುವ ಪದ್ಯಗಳಿಗೆ ಈ ಪಾಡು ಬೇಕಿಲ್ಲ, ಪ್ರಸಂಗದ ಪ್ರತಿಯಲ್ಲಿ ಅಚ್ಚಾಗಿಯೇ ಇರುತ್ತವೆ. ಅಲ್ಲಿ ತೊಡಕು ಬೇರೆ. ಒಂದು ಸಾಲನ್ನು ಮುಕ್ಕಾಲು ನಿಮಿಷ ಎಳೆದು ಹಾಡುತ್ತಾರೆ. ಅಕ್ಷರ ಅಷ್ಟು ಹೊತ್ತು ಅಲುಗದೆ ನಿಂತರೆ ವಿಡಿಯೊ ಸಿಕ್ಕಿಹಾಕಿಕೊಂಡಿತೇ ಎಂದು ಅಜ್ಜಂದಿರು ಪರದೆ ಒತ್ತುತ್ತಾರೆ. ಪದ ಪದವಾಗಿ ಬಿಡಿಸಿ ಕೂರಿಸಿದೆ.

ಟೈಮಿಂಗ್‌ಗೆ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶ. ಕನ್ನಡ ಹಾಕಿದ ಕೂಡಲೇ ಮಿತಿ ಮೀರಿತೆಂದು ಸಾಲೆಲ್ಲ ಕೆಂಪಾಗುತ್ತದೆ, ಹೆದರಬೇಡಿ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಮ್ಮ ಅಕ್ಷರಗಳನ್ನಲ್ಲ. 'ಸ್ತ್ರೀ' ನಮಗೆ ಒಂದು, ಅದಕ್ಕೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು. ಇಂಗ್ಲಿಷಿನವರ ಸಾಲಿಗೆ 42ರ ಮಿತಿಯನ್ನು ಪಾಲಿಸಿದರೆ ಅರ್ಧ ವಾಕ್ಯಕ್ಕೇ ಸಾಲು ಮುರಿಯುತ್ತದೆ. ನಾನು ಮಿತಿ ಕಿತ್ತುಹಾಕಿ ಸಾಲಿಗೆ ಇಪ್ಪತ್ತು ಅಕ್ಷರದ ಆಸುಪಾಸು, ಸೆಕೆಂಡಿಗೆ ಆರೇಳು ಎಂದು ಇಟ್ಟುಕೊಂಡಿದ್ದೇನೆ. ವಾದ ಏರಿದಾಗ ಅರ್ಥಧಾರಿಗಳು ಇದನ್ನು ಮೀರುತ್ತಾರೆ. ಆಗ ಸಂಬೋಧನೆಗಳನ್ನು ಕತ್ತರಿಸುತ್ತೇನೆ. 'ಎಲೈ', 'ಅಯ್ಯಾ' ಹೋದರೆ ತರ್ಕ ಹೋಗುವುದಿಲ್ಲ. ಇಬ್ಬರು ಒಟ್ಟಿಗೆ ಮಾತು ಹಾಯಿಸಿದಾಗ ಏನು ಮಾಡುತ್ತೇನೆ ಎಂಬುದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುವುದು.

ಎರಡು ಸಾಲು ಬಂದರೆ ಇನ್ನೊಂದು ಪೀಕಲಾಟ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಕೆಲವು ಪ್ಲೇಯರ್‌ಗಳಲ್ಲಿ ಕಪ್ಪು ಪಟ್ಟಿ ಒತ್ತಿನ ಕಾಲನ್ನೇ ಕತ್ತರಿಸುತ್ತದೆ. ಫಾಂಟ್ ಬದಲಿಸಿ ಬದಲಿಸಿ ಕೊನೆಗೆ ನೋಟೊ ಸ್ಯಾನ್ಸ್ ಕನ್ನಡಕ್ಕೆ ಬಂದೆ. ಇಲ್ಲಿಯ ಏಕ್ ಟೈಪ್‌ನವರ 'ಬಲೂ ತಮ್ಮ' ಫಾಂಟ್ ನನಗೆ ಬಹಳ ಇಷ್ಟ, ಅದನ್ನು ಶೀರ್ಷಿಕೆಗಳಿಗೆ ಇಟ್ಟುಕೊಂಡೆ. ಯಾರು ಮಾತಾಡುತ್ತಿದ್ದಾರೆಂದು ತೋರಿಸಲು ಪಾತ್ರಕ್ಕೊಂದು ಬಣ್ಣ ಕೊಟ್ಟು ನೋಡಿದೆ. ಒಂದು ಬ್ರೌಸರ್ ತೋರಿಸಿದ್ದನ್ನು ಇನ್ನೊಂದು ತೋರಿಸಲಿಲ್ಲ. ಈಗ 'ಶಲ್ಯ:' ಎಂದು ಹೆಸರೇ ಬರೆಯುತ್ತೇನೆ, ಎಲ್ಲ ಕಡೆ ನಡೆಯುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಹೋಗುವ ತುಣುಕುಗಳಿಗೆ ಬೇರೆ ಕ್ಯಾಪ್ಶನ್ ಟ್ರ್ಯಾಕ್ ಉಪಯೋಗವಿಲ್ಲ, ವಿಡಿಯೊದಲ್ಲೇ ಸುಟ್ಟು, ಅಂದರೆ ಚಿತ್ರದೊಳಗೇ ಅಚ್ಚೊತ್ತಿ ಕೊಡಬೇಕು. ಅದಕ್ಕೆ ಬಳಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಡ್ರಾಟೆಕ್ಸ್ಟ್ ಎಂಬ ಫಿಲ್ಟರ್ ಕಡೆಗೆ ಹೋಗಬೇಡಿ, ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಸಬ್‌ಟೈಟಲ್ಸ್ ಫಿಲ್ಟರ್ ಸರಿಯಾಗಿ ಕೂಡಿಸುತ್ತದೆ. ಅಕ್ಷರ ಎಷ್ಟು ದೊಡ್ಡದೆಂದು ನಿಮಗೆ ತೋರುತ್ತದೋ ಅದಕ್ಕಿಂತ ಒಂದು ಗಾತ್ರ ಮೇಲೆ ಇಡಿ.

ಒಂದು ಹುಚ್ಚು ಪ್ರಯೋಗ ಮಾತ್ರ ಎಣಿಸಿದ್ದಕ್ಕಿಂತ ಚೆನ್ನಾಗಿ ಓಡಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತ ದೇವನಾಗರಿ ಬರುತ್ತದೆ. ಅದೇ ಕನ್ನಡ ಕ್ಯಾಪ್ಶನ್ನನ್ನು ಅಕ್ಷರಮುಖ ಎಂಬ ಲಿಪಿ ಪರಿವರ್ತಕದಲ್ಲಿ ಹಾಕಿ ದೇವನಾಗರಿಗೆ ತಿರುಗಿಸಿ ಎರಡನೆಯ ಟ್ರ್ಯಾಕ್ ಮಾಡಿದೆ. ಹ್ರಸ್ವ 'ಎ', 'ಒ'ಗೆ ಮರಾಠಿ ಓದುವವರಿಗೆ ಗುರುತಿಲ್ಲ, ದೀರ್ಘವನ್ನೇ ಹಾಕಿದೆ. ಮಕ್ಕಳು ಕಿವಿಯ ಅಂದಾಜಿನಿಂದ ಸರಿ ಮಾಡಿಕೊಂಡು ಓದುತ್ತಾರೆ. ಆದರೆ ಹುಟ್ಟಿನಿಂದ ಕಿವುಡರಾಗಿ ಮರಾಠಿ, ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೆ ಇದರಿಂದ ಕವಡೆಯ ಪ್ರಯೋಜನವಿಲ್ಲ, ಅವರಿಗೆ ಅನುವಾದವೇ ಬೇಕು. ಮರಾಠಿ ಟ್ರ್ಯಾಕ್ ಎರಡು ಕೂಟಗಳಿಗಷ್ಟೇ ಆಗಿದೆ, ಅನುವಾದಕರ ಸಂಭಾವನೆಗೆ ಸಂಘ ಇನ್ನೂ ಎಳೆದಾಡುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಸಭೆಯಲ್ಲಿ ಓದಿ ಹೇಳಿದೆ. ತಲೆಯಾಡಿಸಿದರು, ಚೆಕ್ ಬರೆಯಲಿಲ್ಲ.

ಲೆಕ್ಕ ಹೀಗಿದೆ. ಒಂದು ಗಂಟೆಯ ವಿಡಿಯೊಗೆ ಎಲ್ಲ ಸೇರಿ ಎಂಟೊಂಬತ್ತು ಗಂಟೆ ಕೆಲಸ. ಟೀಚರಿಗೆ 1,500, ಟೈಮಿಂಗ್ ಮಾಡುವ ಕಾಲೇಜು ಹುಡುಗನಿಗೆ ಸಾವಿರ, ನಾನು ಸಂಘಕ್ಕೆ ಹಾಕುವುದು ನಾಲ್ಕೂವರೆ ಸಾವಿರ. ಏಜೆನ್ಸಿ ಹೇಳಿದ್ದರ ಅರ್ಧ. ಮದುವೆ ಸೀಸನ್ನಿನ ದರಕ್ಕೆ ಇದು ಸಮವಲ್ಲ, ಆದರೆ ಆಷಾಢದಲ್ಲಿ ಕೈ ಖಾಲಿ ಇರುವುದಿಲ್ಲ. "ನಿಮ್ಮ ಅಕ್ಷರ ಕಣ್ಣಿಗೆ ಅಡ್ಡ" ಎನ್ನುತ್ತಿದ್ದ ಕೋಶಾಧಿಕಾರಿಗಳೇ ಕಳೆದ ಕೂಟ ಮುಗಿದ ರಾತ್ರಿ ಫೋನ್ ಮಾಡಿ, ಅಕ್ಷರ ಯಾವಾಗ ಬರುತ್ತದೆ ಎಂದು ಕೇಳಿದರು. ಬಾಕಿ ಎರಡು ಬಿಲ್ ಕೊಟ್ಟ ಮೇಲೆ ಎಂದೆ.