ಕಡಲ ಮಗ್ಗುಲಿನವರು ಪರದೇಶದ ಕಡಲಿಗೆ ಹೊರಡುವಾಗ

ಕಾರವಾರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ಅಲೆಯ ಸದ್ದು ಕೇಳುತ್ತದೆ. ಇಂಥ ಊರಿನವರು ರಜೆಗೆಂದು ಪರದೇಶದ ಸಮುದ್ರತೀರಕ್ಕೆ ಹೊರಟಾಗ ತಯಾರಿಯ ಗೊಡವೆಗೇ ಹೋಗುವುದಿಲ್ಲ. ಹಿಮ ಬೀಳುವ ಊರಿಗೆ ಹೋಗುವವರು ಎರಡು ತಿಂಗಳ ಮೊದಲೇ ಸ್ವೆಟರ್ ಕೊಳ್ಳುತ್ತಾರೆ. ನಾವಾದರೋ ಹಿಂದಿನ ರಾತ್ರಿ ನಾಲ್ಕು ಚಡ್ಡಿ, ಎರಡು ಟವೆಲ್ ತುಂಬಿ ಪೆಟ್ಟಿಗೆ ಮುಚ್ಚುತ್ತೇವೆ. ನನ್ನ ತವರು ಘಟ್ಟದ ಮೇಲಿನ ಶಿರಸಿ. ತಮ್ಮನ ಸಂಸಾರವನ್ನೂ ಕೂಡಿಸಿಕೊಂಡು ಒಂಬತ್ತು ಮಂದಿ ಒಮ್ಮೆ ಥಾಯ್ಲೆಂಡಿನ ಕ್ರಾಬಿಗೂ ಇನ್ನೊಮ್ಮೆ ಮಾಲ್ಡೀವ್ಸಿಗೂ ಹೋಗಿ ಬಂದೆವು. ಎರಡೂ ಸಲ ಪೇಚಿಗೆ ಸಿಲುಕಿದವರು ನೀರಿಗೆ ಹೆದರುವ ಘಟ್ಟದ ಮೇಲಿನವರಲ್ಲ, ಸಮುದ್ರ ನಮಗೆ ಗೊತ್ತಿರುವುದೇ ಎಂದುಕೊಂಡಿದ್ದ ಕರಾವಳಿಯ ನಾವೇ. ಆದ್ದರಿಂದ ಈ ಮಾತುಗಳನ್ನು ಮುಖ್ಯವಾಗಿ ನಮ್ಮ ಕಡೆಯವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪೇಚು ಕಪಾಟಿನೊಳಗೇ ಕಾದಿತ್ತು. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ. ಚಿಕ್ಕ ಮಕ್ಕಳದ್ದು 5 ವರ್ಷ ಮಾತ್ರ. ಮೊಮ್ಮಗನ ಪಾಸ್‌ಪೋರ್ಟಿಗೆ ಇನ್ನೂ ನಾಲ್ಕು ತಿಂಗಳ ಅವಧಿ ಇದೆಯೆಂದು ನಾವು ನಿಶ್ಚಿಂತರಾಗಿದ್ದೆವು, ಆದರೆ ಬಹಳಷ್ಟು ದೇಶಗಳು ಒಳಗೆ ಕಾಲಿಡುವ ದಿನಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ ಎಂಬುದು ತಿಳಿದದ್ದು ಹೊರಡಲು ಇಪ್ಪತ್ತಾರು ದಿನ ಉಳಿದಿದ್ದಾಗ. ಹೊಸದು ಕೈಸೇರುವ ತನಕ ಸೊಸೆಗೆ ಊಟ ರುಚಿಸಲಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲೇ ಮನೆಮಂದಿಯ ಪಾಸ್‌ಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಅವಧಿಯ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಕಪಾಟಿನ ಪುಸ್ತಕಕ್ಕೂ ಬೂಸಲು ಹಿಡಿಯುತ್ತದೆಯಷ್ಟೆ. ಕಲೆಯಾದ, ಹಾಳೆ ಅಂಟಿಕೊಂಡ ಪಾಸ್‌ಪೋರ್ಟನ್ನು ಹಾಳಾದದ್ದೆಂದು ಅಧಿಕಾರಿಗಳು ತಿರಸ್ಕರಿಸಬಹುದು. ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟು, ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಅವುಗಳೊಂದಿಗೆ ಪಾಸ್‌ಪೋರ್ಟ್ ಇಡುವುದು ನನ್ನ ರೂಢಿ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಹೋಗಿಬಂದವರ ಮಾತನ್ನು ನೆಚ್ಚದೆ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು. ಥಾಯ್ಲೆಂಡ್ 2025ರ ಮೇ 1ರಿಂದ ಆಗಮನದ ಚೀಟಿಯನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಲು ಹೇಳುತ್ತಿದೆ. ಮಾಲ್ಡೀವ್ಸಿನಲ್ಲೂ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ತುಂಬುವ ಇಂಥದೇ ಘೋಷಣೆಯಿದೆ. ಎರಡಕ್ಕೂ ಶುಲ್ಕವಿಲ್ಲ, ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ.

ಇನ್ನು ಋತುವಿನ ವಿಚಾರ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವೆಂಬುದು ಮೀನುಪೇಟೆಗೆ ಹೋಗುವ ಎಲ್ಲರಿಗೂ ಗೊತ್ತು. ನಮ್ಮ ಮೇಲೆ ಸುರಿಯುವ ಅದೇ ನೈಋತ್ಯ ಮುಂಗಾರು ಥಾಯ್ಲೆಂಡಿನ ಪಶ್ಚಿಮಕ್ಕಿರುವ ಫುಕೆಟ್, ಕ್ರಾಬಿಗಳ ಮೇಲೂ ಸುರಿಯುತ್ತದೆ ಎಂಬುದು ಮಾತ್ರ ಟಿಕೆಟ್ ಕೊಳ್ಳುವಾಗ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿನ ಸಿಮಿಲನ್ ದ್ವೀಪಗಳನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಮುಚ್ಚಿಯೇ ಬಿಡುತ್ತಾರೆ. ಶ್ರೀಲಂಕೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಮತ್ತು ದಕ್ಷಿಣದ ತೀರ ಒರಟಾಗಿರುತ್ತದೆ, ಪೂರ್ವದ ತ್ರಿಂಕೋಮಲಿ ಶಾಂತವಾಗಿರುತ್ತದೆ; ವರ್ಷದ ಕೊನೆಗೆ ಇದು ತಿರುವುಮುರುವಾಗುತ್ತದೆ. ಬಾಲಿ ಮತ್ತು ಮಾರಿಷಸ್ ಭೂಮಧ್ಯರೇಖೆಯ ಕೆಳಗಿರುವುದರಿಂದ ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆಗೆ ಬಾಲಿಯ ಒಣ ಹವೆ ಚೆನ್ನಾಗಿ ಹೊಂದುತ್ತದೆ. ಮಾರಿಷಸ್ಸಿಗೆ ನವೆಂಬರಿನಿಂದ ಏಪ್ರಿಲ್ ತನಕ ಚಂಡಮಾರುತದ ಭಯವಿರುತ್ತದೆ. ಮಳೆಗಾಲದಲ್ಲಿ ಕಡಿಮೆ ದರಕ್ಕೆ ಸಿಗುವ ಕೊಠಡಿ ಏಕೆ ಕಡಿಮೆಗೆ ಸಿಗುತ್ತಿದೆ ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೋವೆಯಿಂದ ವಿಮಾನ ಹತ್ತುವವರು ಟಿಕೆಟಿನಲ್ಲಿ ಯಾವ ನಿಲ್ದಾಣವೆಂದು ಎರಡು ಬಾರಿ ನೋಡಬೇಕು. ದಾಬೋಲಿಮ್ಮಿನ ಸಂಕೇತ ಜಿಓಐ, 2023ರ ಜನವರಿಯಲ್ಲಿ ವಿಮಾನ ಸಂಚಾರ ಆರಂಭವಾದ ಮೋಪಾದ ಸಂಕೇತ ಜಿಓಎಕ್ಸ್. ಮೋಪಾ ಗೋವೆಯ ಉತ್ತರ ತುದಿಯಲ್ಲಿರುವುದರಿಂದ ಕಾರವಾರದವರು ಇಡೀ ರಾಜ್ಯವನ್ನು ದಾಟಬೇಕಾಗುತ್ತದೆ. ಮಳೆಗಾಲವಾದರೆ ಕುಮಟಾ, ಹೊನ್ನಾವರದ ಕಡೆಯಿಂದ ಬರುವವರು ಒಂದು ದಿನ ಮೊದಲೇ ಬಂದು ತಂಗುವುದು ಒಳ್ಳೆಯದು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಮುಚ್ಚಿತ್ತೆಂಬುದನ್ನು ನಾವು ಕಂಡಿದ್ದೇವೆ.

ಪೆಟ್ಟಿಗೆಗೆ ಏನು ಹಾಕಬೇಕೆಂಬುದಕ್ಕಿಂತ ಏನು ಹಾಕಬಾರದೆಂಬುದನ್ನು ಮೊದಲು ನೋಡಿ. ನಮ್ಮ ಅಡುಗೆಮನೆಯ ಸಾಧು ಪದಾರ್ಥಗಳೇ ಕೆಲವೆಡೆ ಅಪರಾಧವಾಗುತ್ತವೆ. ಗಸಗಸೆ ದುಬೈ, ಅಬುಧಾಬಿಗಳಲ್ಲಿ ನಿಷಿದ್ಧ. ಪಾಯಸಕ್ಕೆಂದು ಚಿಟಿಕೆ ಇಟ್ಟುಕೊಂಡರೂ ಮಾದಕವಸ್ತುವಿನ ಲೆಕ್ಕಕ್ಕೆ ಹೋಗುತ್ತದೆ. ವೀಳ್ಯದೆಲೆಯನ್ನೂ ಅಲ್ಲಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಶಿರಸಿಯ ಹಿರಿಯರು ಕವಳದ ಸಂಚಿಯನ್ನು ಮನೆಯಲ್ಲೇ ಬಿಟ್ಟು ಹೋಗಲಿ, ಎಷ್ಟೇ ಕಷ್ಟವಾದರೂ. ಪೂಜೆಯ ವಿಗ್ರಹಗಳನ್ನು ಒಯ್ಯುವುದಕ್ಕೆ ಮಾಲ್ಡೀವ್ಸಿನಲ್ಲಿ ನಿಷೇಧವಿದೆ. ನನ್ನ ಕೈಚೀಲದಲ್ಲಿ ಸದಾ ಇರುವ ಹೆಬ್ಬೆರಳುದ್ದದ ಹಿತ್ತಾಳೆಯ ಗಣಪನನ್ನು ಆ ಸಲ ದೇವರ ಗೂಡಿನಲ್ಲೇ ಬಿಟ್ಟು, ಮನಸ್ಸಿನಲ್ಲೇ ಕೈಮುಗಿದು ಹೊರಟೆ. ಇಡೀ ಒಣಕೊಬ್ಬರಿಯನ್ನು ವಿಮಾನದ ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ, ಏಕೆಂದರೆ ಅದರ ಎಣ್ಣೆಯಿಂದ ತಾನಾಗಿ ಕಾವು ಏರಿ ಉರಿ ಹೊತ್ತುವ ಸಂಭವವಿರುತ್ತದೆ. ಪವರ್ ಬ್ಯಾಂಕನ್ನೂ ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ, ಅದು ಕೈಚೀಲದಲ್ಲೇ ಇರಬೇಕು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಬೇಡಿ. ದೊಡ್ಡ ಪೆಟ್ಟಿಗೆಯಲ್ಲಾದರೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು ಮುಚ್ಚಳ ತಿರುಗಿಸಿ, ಎರಡು ಚೀಲಗಳೊಳಗೆ ಕಟ್ಟಿ, ಹಳೆಯ ಟವೆಲಿನಲ್ಲಿ ಸುತ್ತಿಡಿ. ಒಣಮೀನಿನ ವಿಷಯದಲ್ಲಿ ನಾನು ಏನನ್ನೂ ಹೇಳಲಾರೆ, ಒಯ್ಯಬೇಡಿ ಎಂಬುದರ ಹೊರತು.

ಒಯ್ಯಬೇಕಾದದ್ದು ಹಗುರಾದದ್ದು, ಕೆಡದಿರುವಂಥದ್ದು. ತೆಳು ಅವಲಕ್ಕಿ ಒಂದು ಕಿಲೋ, ಅದಕ್ಕೆ ಬೇಕಾದ ಒಗ್ಗರಣೆಯನ್ನು ಹುರಿದು ಒಣಗಿಸಿದ ಪುಡಿ, ಒಂದು ಹಿಡಿ ಮುರುಗಲು (ಪುನರ್ಪುಳಿ) ಸಿಪ್ಪೆ, ಉಪ್ಪು. ಕ್ರಾಬಿಯಲ್ಲಿ ಮೂರನೆಯ ದಿನ ಮಕ್ಕಳ ಹೊಟ್ಟೆ ಕೆಟ್ಟಾಗ ಕೊಠಡಿಯ ವಿದ್ಯುತ್ ಕೆಟಲಿನಲ್ಲಿ ನೀರು ಕಾಯಿಸಿ, ಲೋಟದಲ್ಲಿ ನಾಲ್ಕು ಮುರುಗಲು ಸಿಪ್ಪೆ ನೆನೆಸಿ, ಉಪ್ಪು ಸಕ್ಕರೆ ಬೆರೆಸಿ ಕೊಟ್ಟೆ. ಕೆಂಪು ಬಣ್ಣ ಕಂಡು ಮಕ್ಕಳು ಶರಬತ್ತೆಂದೇ ಕುಡಿದವು. ಆದರೆ ಭೇದಿ ಹೆಚ್ಚಾದರೆ ಓಆರ್‌ಎಸ್ ಪೊಟ್ಟಣವೇ ಬೇಕು. ಅದು ಸಿಗದಿದ್ದಲ್ಲಿ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಇದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ದಿನವೂ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಬರುವಷ್ಟು, ಅವುಗಳ ಮೂಲ ಹಾಳೆಯಲ್ಲೇ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ ಇಡಬೇಕು. ದೇವಿಮನೆ ಘಟ್ಟ ಇಳಿಯುವಾಗ ವಾಂತಿ ಮಾಡುವ ಮಗು ಸ್ಪೀಡ್‌ಬೋಟಿನಲ್ಲೂ ವಾಂತಿ ಮಾಡುತ್ತದೆ. ಅದಕ್ಕೆ ಯಾವ ಮಾತ್ರೆ ಎಷ್ಟು ಹೊತ್ತು ಮುಂಚೆ ಕೊಡಬೇಕೆಂದು ಊರಿನ ವೈದ್ಯರನ್ನೇ ಕೇಳಿಕೊಂಡು ಹೊರಡಿ, ವಾಂತಿ ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ.

ಬಿಸಿಲಿನ ಬಗ್ಗೆ ನಮಗಿರುವ ಭ್ರಮೆ ದೊಡ್ಡದು. ಹುಟ್ಟಿದಾಗಿನಿಂದ ಬಿಸಿಲಿನಲ್ಲೇ ಬೆಳೆದವರು, ತೆಂಗಿನೆಣ್ಣೆ ಸವರಿಕೊಂಡರೆ ಸಾಕು ಎಂದು ನನ್ನ ಮಗ ಮಾಲ್ಡೀವ್ಸಿನಲ್ಲಿ ಬೆನ್ನು ಬಿಟ್ಟುಕೊಂಡು ಎರಡು ಗಂಟೆ ಮೀನು ನೋಡುತ್ತ ತೇಲಿದ. ಆ ರಾತ್ರಿ ಬೋರಲು ಮಲಗಿದವನು ಮೂರು ದಿನ ಅಂಗಿ ತೊಡಲಿಲ್ಲ. ಅಲ್ಲಿನ ರಾಜಧಾನಿ ಮಾಲೆ ಭೂಮಧ್ಯರೇಖೆಗೆ ಬರಿ 4 ಡಿಗ್ರಿ ದೂರದಲ್ಲಿದೆ; ಹವಳದ ಬಿಳಿ ಮರಳು ಬೆಳಕನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ, ಗಾಳಿ ಬೀಸುವುದರಿಂದ ಸುಡುವುದು ಗೊತ್ತಾಗುವುದೂ ಇಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ನೀರಿಗಿಳಿಯುವ ಇಪ್ಪತ್ತು ನಿಮಿಷ ಮುಂಚೆ ಧಾರಾಳವಾಗಿ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು; ಕಿವಿಯ ಮೇಲ್ಭಾಗ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗಗಳನ್ನು ಎಲ್ಲರೂ ಮರೆಯುತ್ತಾರೆ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಲೇಪಗಳಿಗೆ ಥಾಯ್ಲೆಂಡಿನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧವಿದೆ, ಕೊಳ್ಳುವಾಗಲೇ ಹಿಂಬದಿಯ ಅಕ್ಷರ ಓದಿ. ಎಲ್ಲಕ್ಕಿಂತ ಉತ್ತಮ ಉಪಾಯವೆಂದರೆ ತುಂಬುತೋಳಿನ ಈಜುಡುಗೆ. ನಮ್ಮ ಹೆಂಗಸರು ಸೀರೆಯಲ್ಲೋ ಚೂಡಿದಾರದಲ್ಲೋ ನೀರಿಗಿಳಿಯುವುದು ಮರ್ಯಾದೆಯ ದೃಷ್ಟಿಯಿಂದ ಸರಿಯೆನ್ನಿಸಿದರೂ, ಒದ್ದೆಯಾದ ಹತ್ತಿಬಟ್ಟೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಿನಲ್ಲೂ ಏಳಲಾಗುವುದಿಲ್ಲ. ಮೈಪೂರ್ತಿ ಮುಚ್ಚುವ ಈಜುಡುಗೆಗಳು ಈಗ ಎಲ್ಲೆಡೆ ಸಿಗುತ್ತವೆ. ಅರವತ್ತೆಂಟರ ನಾನೇ ತೊಟ್ಟಿದ್ದೇನೆ. ಮಕ್ಕಳಿಗೆ ಕಿತ್ತಳೆ ಅಥವಾ ಗಿಣಿಹಸಿರಿನ ಉಡುಗೆ ಕೊಳ್ಳಿ. ನೀಲಿ ಬಣ್ಣ ನೀರಿನೊಳಗೆ ಕಾಣಿಸುವುದೇ ಇಲ್ಲ.

ಈಗ ನೀರಿನ ವಿಚಾರ. ಕಾರವಾರದ ಕೊಲ್ಲಿಗೆ ದ್ವೀಪಗಳ ಮರೆಯಿದೆ, ಮರಳು ನಿಧಾನವಾಗಿ ಇಳಿಯುತ್ತದೆ, ಸೊಂಟದ ತನಕ ನೀರು ಬರಬೇಕಾದರೆ ಬಹಳ ದೂರ ನಡೆಯಬೇಕು. ಆ ಅಂದಾಜನ್ನು ಪರದೇಶಕ್ಕೆ ಕೊಂಡೊಯ್ಯಬಾರದು. ಮಾಲ್ಡೀವ್ಸಿನಲ್ಲಿ ಹವಳದ ದಿಬ್ಬದ ಅಂಚಿನ ತನಕ ಮೊಣಕಾಲುದ್ದವಿರುವ ನೀರು, ಅಲ್ಲಿಂದ ಒಂದು ಹೆಜ್ಜೆ ಮುಂದೆ ಗೋಡೆಯಂತೆ ಕೆಳಗಿಳಿಯುತ್ತದೆ; ನೀರಿನ ತಿಳಿಹಸಿರು ಕಡುನೀಲಿಗೆ ತಿರುಗುವ ಗೆರೆಯನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಿ, ಅದೇ ಲಕ್ಷ್ಮಣರೇಖೆಯೆಂದು ಹೇಳಬೇಕು. ತೀರದ ಬಾವುಟಗಳನ್ನೂ ಮನೆಯಲ್ಲೇ ಕಲಿಸಿ: ಕೆಂಪು ಮೇಲೆ ಹಳದಿ ಕೆಳಗೆ ಇದ್ದರೆ ಕಾವಲುಗಾರರಿರುವ ಜಾಗ, ಹಳದಿಯೊಂದೇ ಇದ್ದರೆ ಎಚ್ಚರ, ಕೆಂಪು ಕಂಡರೆ ಇಳಿಯುವಂತಿಲ್ಲ, ನೇರಳೆ ಇದ್ದರೆ ಕುಟುಕುವ ಜೀವಿಗಳಿವೆ. ನೀರು ಹೊರಕ್ಕೆ ಸೆಳೆದರೆ ದಡದತ್ತ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲಿದ ಮೇಲೆ ಒಳಬರಬೇಕು. ಈಜು ಬಾರದವರು ತೇಲುತ್ತ ಕೈಯೆತ್ತಿ ಕರೆಯಬೇಕು. ಬಾಡಿಗೆಗೆ ಸಿಗುವ ಲೈಫ್ ಜಾಕೆಟ್‌ಗಳು ಹೆಚ್ಚಾಗಿ ದೊಡ್ಡವರ ಅಳತೆಯವು. ಐದು ವರ್ಷದ ಮಗುವಿಗೆ ಹೊಂದುವುದನ್ನು ಇಲ್ಲಿಂದಲೇ ಕೊಂಡೊಯ್ದು, ಕಾಲಸಂದಿಯ ಪಟ್ಟಿ ಇದೆಯೇ ಎಂದು ನೋಡಿಕೊಳ್ಳಿ. ಪಟ್ಟಿಯಿಲ್ಲದಿದ್ದರೆ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ.

ಜೆಲ್ಲಿಮೀನು ತಾಗಿದರೆ ಮರಳು ಹಾಕಿ ಉಜ್ಜುವುದು ನಮ್ಮಲ್ಲಿ ಕೆಲವರ ಅಭ್ಯಾಸ. ಪೂರ್ವದ ಸಮುದ್ರಗಳ ಪೆಟ್ಟಿಗೆಯಾಕಾರದ ಜೆಲ್ಲಿಮೀನಿಗೆ ಇದು ಅಪಾಯಕಾರಿ, ಉಜ್ಜಿದಷ್ಟೂ ವಿಷ ಒಳಗಿಳಿಯುತ್ತದೆ, ಸಿಹಿನೀರೂ ಕೂಡದು. ವಿನೆಗರನ್ನು ಅರ್ಧ ನಿಮಿಷ ಸುರಿದು, ಎಳೆಗಳನ್ನು ತೆಗೆದು, ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಥಾಯ್ಲೆಂಡಿನ ಕೆಲವು ತೀರಗಳಲ್ಲಿ ಇದಕ್ಕೆಂದೇ ವಿನೆಗರ್ ಬಾಟಲಿಯಿಟ್ಟ ಕಂಬಗಳಿವೆ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಮಾತ್ರ ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಡಬೇಕು, ಇದು ನಮ್ಮ ಬೆಸ್ತರಿಗೂ ತಿಳಿದದ್ದೇ. ಹವಳದ ಚೂರುಗಳಿಗಾಗಿ ರಬ್ಬರ್ ತಳದ ನೀರಿನ ಬೂಟು ಬೇಕು. ಕ್ರಾಬಿಯ ರಾಯ್ಲೇ ತೀರದಲ್ಲಿ ದೋಣಿಯಿಂದ ನೀರಿಗೇ ಇಳಿದು ನಡೆಯಬೇಕಾಗಿ ಬಂದಾಗ ಚಕ್ರದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತ ನಮ್ಮ ಮೆರವಣಿಗೆಯನ್ನು ಅಲ್ಲಿದ್ದವರೆಲ್ಲ ನೋಡಿದರು. ಹೆಗಲಿಗೆ ಹಾಕುವ ಚೀಲಗಳನ್ನೇ ಒಯ್ಯಿರಿ.

ಒಡವೆ ಆದಷ್ಟು ಕಡಿಮೆಯಿರಲಿ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ, ನನ್ನ ನಾದಿನಿಯ ಒಂದು ಉಂಗುರ ಇನ್ನೂ ಕ್ರಾಬಿಯಲ್ಲೇ ಇದೆ. ಬಹಳ ಬಂಗಾರ ಧರಿಸಿಯೇ ಹೋಗುವವರು ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸಿನಲ್ಲಿ ಪ್ರಮಾಣಪತ್ರ ಮಾಡಿಸಿಕೊಂಡರೆ ಮರಳುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ. ಕಾರ್ಡಿನ ಯಂತ್ರ ರೂಪಾಯಿಯಲ್ಲೋ ಸ್ಥಳೀಯ ಹಣದಲ್ಲೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಿ. ರೂಪಾಯಿ ಎಂದರೆ ಅಂಗಡಿಯವನ ದರ ಬೀಳುತ್ತದೆ. ಪ್ರವಾಸ ವಿಮೆಯಲ್ಲಿ ಸ್ಕೂಬಾದಂಥ ನೀರಾಟಗಳು ಸೇರಿವೆಯೇ ಎಂದು ಓದಿ ನೋಡಬೇಕು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮುಳುಗು ಹಾಕಿ ಕಾರಿನಲ್ಲಿ ಮನೆಗೆ ಬರುವಂತೆ ಅಲ್ಲಿ ಮುಳುಗಿದ ಕೂಡಲೇ ವಿಮಾನ ಹತ್ತುವಂತಿಲ್ಲ, ಕೊನೆಯ ಮುಳುಗಿಗೂ ವಿಮಾನಕ್ಕೂ ಒಂದು ಪೂರ್ಣ ದಿನದ ಅಂತರವಿರಲಿ.

ಮಕ್ಕಳ ಜೇಬಿನ ಚಿಪ್ಪು, ಹವಳಗಳನ್ನು ಹೊರಡುವ ಹಿಂದಿನ ಸಂಜೆ ಅಲ್ಲಿಯೇ ತೀರಕ್ಕೆ ಹಿಂದಿರುಗಿಸಿ, ನಿಲ್ದಾಣದಲ್ಲಿ ದಂಡ ತೆರುವುದಕ್ಕಿಂತ ಅದು ಸುಲಭ. ಕಾಲಿಗಂಟಿದ ಮರಳಿಗೆ ಒಣ ಟಾಲ್ಕಂ ಪೌಡರ್ ಉದುರಿಸಿ ಕೈಯಾಡಿಸಿದರೆ ಪೂರ್ತಿ ಉದುರುತ್ತದೆ. ಮನೆಗೆ ಬಂದ ದಿನ ದಣಿವೆಂದು ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಬೇಡಿ. ಅಂಗಳದಲ್ಲಿ ಬೋರಲು ಹಾಕಿ ಮರಳು ಕೊಡವಿ, ಚಕ್ರಗಳನ್ನು ಬಾವಿಯ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಜಿಪ್ಪಿನ ಹಲ್ಲುಗಳ ಮೇಲೆ ಮೇಣದಬತ್ತಿಯನ್ನು ಎರಡು ಸಲ ಎಳೆದಿಡಿ. ಉಪ್ಪು ಹಿಡಿದ ಜಿಪ್ಪು ನಮ್ಮ ಊರಿನ ಗಾಳಿಯಲ್ಲಿ ಒಂದೇ ಮಳೆಗಾಲಕ್ಕೆ ಬಿಗಿದುಕೊಂಡುಬಿಡುತ್ತದೆ.