ಇಡ್ಲಿಗೆ 5, ಬೆಲ್ಲಕ್ಕೆ 19

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸಿ ನಿವೃತ್ತಳಾದ ಮೇಲೆ ನಾನು ಸ್ಕ್ರ್ಯಾಬಲ್ ಕಲಿತೆ. ಒಂದೊಂದಕ್ಕೂ ಅಂಕವಿರುವ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಅದು. ಕಲಿಸಿದವನು ಅಣ್ಣನ ಮಗ. ಮೊದಲ ತಿಂಗಳು ಒಂದಾಟವನ್ನೂ ಗೆಲ್ಲಲಿಲ್ಲ. ಇಂಗ್ಲಿಷ್ ಬಾರದೆ ಸೋತೆನೆಂದಲ್ಲ; ಅಷ್ಟು ವರ್ಷ ಕಚೇರಿಯ ಪತ್ರವ್ಯವಹಾರವೆಲ್ಲ ಅದರಲ್ಲೇ ಮಾಡಿದವಳು ನಾನು. ತೊಡಕು ಇದ್ದದ್ದು ಕಣ್ಣಿನಲ್ಲಿ.

ಕನ್ನಡದ ಪದಬಂಧ ಬಿಡಿಸುತ್ತ ಬೆಳೆದ ಕಣ್ಣು ಅದು. ಅಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ಒಂದೇ ಮನೆ. ‘ಸ್ತ್ರೀ’ ಒಂದು ಚೌಕದಲ್ಲಿ ಹಾಯಾಗಿ ಕೂರುತ್ತಾಳೆ. ಸ್ಕ್ರ್ಯಾಬಲ್ಲಿನ 225 ಮನೆಗಳಲ್ಲಾದರೋ ಸ್ವರ ಬೇರೆ, ವ್ಯಂಜನ ಬೇರೆ ಸಂಸಾರ ಹೂಡುತ್ತವೆ. ಕೈಗೆ ಬಂದ ಏಳು ಬಿಲ್ಲೆಗಳನ್ನು ನಾನು ಬಂದ ಕ್ರಮದಲ್ಲೇ ಕೂಡಿಸಿ ಓದಲು ಹೋಗುತ್ತಿದ್ದೆ. ಒಮ್ಮೆ ಓದಿದೆನೆಂದರೆ ಮುಗಿಯಿತು, ಆ ಸದ್ದು ಬಿಟ್ಟು ಬೇರೆ ಪದ ತೋಚುತ್ತಿರಲಿಲ್ಲ. ಆಮೇಲೆ ಬಿಲ್ಲೆಗಳನ್ನು ಎಬಿಸಿಡಿ ಕ್ರಮದಲ್ಲಿ ಜೋಡಿಸತೊಡಗಿದೆ. ಆ ಸಾಲನ್ನು ಓದಲು ಸಾಧ್ಯವೇ ಇರುವುದಿಲ್ಲ. ಬಾಯಿ ಸುಮ್ಮನಾಗುತ್ತದೆ, ಕಣ್ಣು ಕೆಲಸ ಶುರುಮಾಡುತ್ತದೆ.

ಪದಗಳಿಗಾಗಿ ಒಂದು ಲೆಡ್ಜರ್ ಇಟ್ಟೆ. ಮೊದಲ ಪುಟಗಳು ಎರಡಕ್ಷರದವಕ್ಕೆ. ಆಟದಲ್ಲಿ ಸಲ್ಲುವ ಪದಗಳನ್ನು ಕೊಡುವ ಕಾಲಿನ್ಸ್ ಪದಪಟ್ಟಿಯ 2019ರ ಆವೃತ್ತಿಯಲ್ಲಿ ಅಂಥವು 127. ದಿನಕ್ಕೆ ಹತ್ತರಂತೆ, ಕುಕ್ಕರ್ ಕೂಗುವಷ್ಟರಲ್ಲಿ ಬಾಯಿಪಾಠ. ‘ಇದರ ಅರ್ಥವೇನೋ?’ ಎಂದು ಒಂದೊಂದಕ್ಕೂ ಹುಡುಗನನ್ನು ಕೇಳುತ್ತಿದ್ದೆ. ‘ಅರ್ಥ ಕೇಳಬೇಡಿ ಅತ್ತೆ, ಅಂಕ ಕೇಳಿ’ ಎನ್ನುತ್ತಿದ್ದ. ಆದರೂ ಅರ್ಥವಿಲ್ಲದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ‘ಕ್ಯೂ, ಐ’ ಎಂಬ ಪದ ಚೀನೀಯರು ಹೇಳುವ ಪ್ರಾಣಶಕ್ತಿ, ಉಚ್ಚಾರ ‘ಚೀ’ ಎಂದು ತಿಳಿದ ಮೇಲೆ ಮರೆತಿಲ್ಲ. ಹತ್ತು ಅಂಕದ ಕ್ಯೂ ಬಂದು ಜೊತೆಗೆ ಯು ಬಾರದಿದ್ದಾಗ ಛೀ ಅನ್ನಿಸುತ್ತದಲ್ಲ, ಆಗಲೇ ಬೇಕಾದ ಪದ ಅದು. ಯು ಇಲ್ಲದ ಕ್ಯೂಗೆ ತಲಾಖ್, ಫಕೀರ್ ಕೂಡ ನಡೆಯುತ್ತವೆ. ನಮ್ಮ ಬೀದಿಯಲ್ಲಿ ಕೇಳಿ ಬೆಳೆದ ಮಾತುಗಳನ್ನು ಇಂಗ್ಲಿಷೆಂದು ಕಲಿಯಬೇಕಾಯಿತು!

ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ 50 ಹೆಚ್ಚುವರಿ ಅಂಕ. ಅದಕ್ಕೆ ನನಗೆ ಒದಗಿದ್ದು ‘ಟಿಸೇನ್’, ಅಂದರೆ ಕಷಾಯ. ಟಿ, ಐ, ಎಸ್, ಎ, ಎನ್, ಇ ಕೈಯಲ್ಲಿ ಉಳಿಸಿಕೊಂಡರೆ ಏಳನೆಯದು ಯಾವುದು ಬಂದರೂ ಹೆಚ್ಚುಕಡಿಮೆ ಒಂದು ಪದ ಸಿದ್ಧ. ಡಿ ಬಂದರೆ ಇನ್‌ಸ್ಟೆಡ್, ಕೆ ಬಂದರೆ ಇನ್‌ಟೇಕ್ಸ್, ವಿ ಬಂದರೆ ನೇಟಿವ್ಸ್, ಯು ಬಂದರೆ ಆಂಟೀಸ್. ಲೆಡ್ಜರಿನಲ್ಲಿ ಎಡಕ್ಕೆ ಏಳನೆಯ ಅಕ್ಷರ, ಬಲಕ್ಕೆ ಪದ. ಬಲಭಾಗವನ್ನು ಅಂಗೈಯಿಂದ ಮುಚ್ಚಿ ಹೇಳಿಕೊಳ್ಳುವುದು. ನೂರು ಹೊಸ ಪದ ಉರುಹೊಡೆಯುವುದಕ್ಕಿಂತ ಈ ಒಂದು ಕಷಾಯವೇ ನನಗೆ ಹೆಚ್ಚು ಹಿಡಿಸಿತು.

ನಮ್ಮ ಊಟ ತಿಂಡಿಗೆ ಪ್ರತ್ಯೇಕ ಪುಟವಿದೆ. ಇಡ್ಲಿ, ದೋಸೆ, ರಾಗಿ ಮೂರೂ ಸಲ್ಲುತ್ತವೆ, ಮೂರಕ್ಕೂ ಐದೈದೇ ಅಂಕ. ತುಪ್ಪದ ‘ಘೀ’ಗೆ 8. ಕೋಟಿಯ ‘ಕ್ರೋರ್’ಗೆ 7 ಆದರೆ ಲಕ್ಷದ ‘ಲಾಖ್’ಗೆ 11! ಈ ಲೆಕ್ಕ ನನ್ನ ಕೌಂಟರಿನಲ್ಲಿ ನಡೆದಿದ್ದರೆ ಕೆಲಸ ಹೋಗುತ್ತಿತ್ತು. ಒಮ್ಮೆ ‘ಬಂದ್’ ಇಟ್ಟಾಗ ಹುಡುಗ ಆಕ್ಷೇಪಿಸಿದ. ಪಟ್ಟಿಯಲ್ಲಿ ಇತ್ತು, ನಮ್ಮ ಮನೆಯ ನಿಯಮದಂತೆ ಅವನ ಸರದಿ ಹೋಯಿತು. ಆ ಹುಮ್ಮಸ್ಸಿನಲ್ಲಿ ‘ಸಾರು’ ಇಟ್ಟು ನನ್ನದನ್ನೂ ಕಳೆದುಕೊಂಡೆ.

ನನ್ನ ಕಣ್ಣಿದ್ದದ್ದು ಬೆಲ್ಲದ ಮೇಲೆ. ‘ಜ್ಯಾಗರಿ’ ಎಂಬುದು ನಮ್ಮ ಶರ್ಕರೆಯೇ ಪೋರ್ಚುಗೀಸರ ಬಾಯಲ್ಲಿ ಹಾದು ಇಂಗ್ಲಿಷಿಗೆ ಸೇರಿದ್ದು. ಸರಿಯಾಗಿ ಏಳು ಬಿಲ್ಲೆ, 19 ಅಂಕ, ಮೇಲೆ 50. ಕಳೆದ ಭಾನುವಾರ ಜೆ, ಎ, ಎರಡು ಜಿ, ಇ, ಆರ್ ಕೈಗೆ ಬಂದವು. ಇನ್ನು ವೈ ಒಂದೇ ಬಾಕಿ. ಇಡೀ ಆಟದಲ್ಲಿ ಇರುವುದೇ ಎರಡು ವೈ. ಒಂದು ಆಗಲೇ ಹಲಗೆಯ ಮೇಲಿತ್ತು. ಎರಡು ಸರದಿ ಕಾದೆ, ಬಿಲ್ಲೆಗಳ ಚೀಲ ಕೊಡಲಿಲ್ಲ. ಬೇಸತ್ತು ಆರಕ್ಷರದ ‘ಜ್ಯಾಗರ್’ ಇಳಿಸಿದೆ. ಹಿಟ್ಟು ಕತ್ತರಿಸುವ ಹಲ್ಲಿನ ಚಕ್ರ, ಅದೂ ಪಟ್ಟಿಯಲ್ಲಿರುವ ಪದವೇ. ಹುಡುಗ ನನ್ನ ಮುಖ ನೋಡಿದ, ತನ್ನ ಬಿಲ್ಲೆಗಳಲ್ಲಿ ಒಂದೇ ಒಂದನ್ನು ಎತ್ತಿ ಅದರ ತುದಿಗೆ ಇಟ್ಟ.

ವೈ.

‘ಬೆಲ್ಲ, ಅತ್ತೆ’ ಎಂದ.